ಹೆಣ್ಣುಮರಿ ಕೊಡದ ಟಗರಿನವರ ಸನ್ನಿಧಿಗೆ

ವಳಸಂಗದ ನಮ್ಮ ಮಾವ ಅಮೋಗಸಿದ್ಧನವರ ಕುರಿಹಟ್ಟಿಯನ್ನು ಮೂರು ವರ್ಷ ಆಳಿ, ಈಗ ಅಕ್ಕಲಕೋಟೆ ಕಡೆಯ ಯಾರದೋ ಹಿಂಡಿಗೆ ವರ್ಗವಾಗಿ ಹೋಗಿರುವ ಮಾನ್ಯ ಟಗರಿನವರೇ,

ತಮ್ಮ ಕೊಂಬು, ಗೊರಸು, ಉಣ್ಣೆಗಳೆಲ್ಲ ಕ್ಷೇಮವೆಂದು ನಂಬಿ, ತಮ್ಮ ಹಳೆಯ ಮನೆಯ ಸೊಸೆ ಮನೀಷಾ ಮಾಡುವ ವಿನಂತಿ. ಇದನ್ನು ಮರಾಠಿಯಲ್ಲೂ ಬರೆಯಬಹುದಿತ್ತು; ಆದರೆ ನಮ್ಮ ಮಾವ ತಮ್ಮನ್ನು ಬೈಯುತ್ತಿದ್ದದ್ದು ಕನ್ನಡದಲ್ಲಿ, ಆದ್ದರಿಂದ ತಮಗೆ ಅದೇ ಚೆನ್ನಾಗಿ ತಿಳಿಯುತ್ತದೆಂದು ಭಾವಿಸಿದ್ದೇನೆ.

ತಮ್ಮ ವರ್ಗಾವಣೆಯ ಕಾರಣ ಊರಿಗೇ ಗೊತ್ತು. ಹಿಂಡು ಬೆಳೆಯಬೇಕಾದರೆ ಹೆಣ್ಣುಮರಿ ಬೇಕು. ತಾವೋ ಕೊನೆಯ ವರ್ಷ ಗಂಡುಮರಿಗಳನ್ನೇ ದಯಪಾಲಿಸುತ್ತ ಹೋದಿರಿ. ಹೆಣ್ಣುಮರಿ ಹುಟ್ಟಿದರೆ ಅದರ ಹಣೆಗೆ ಬೀರೋಬ ದೇವರ ಭಂಡಾರದ ಅರಿಶಿನ ಹಚ್ಚಿ ಮುದ್ದಾಡುವ ಮಾವ, ಒಂಬತ್ತನೆಯ ಗಂಡುಮರಿಯ ದಿನ ತಲೆಯ ರುಮಾಲು ಬಿಚ್ಚಿ ಕೊಡವಿ, “ಕುರಿದೇನ್ ತಪ್ಪೈತಿ? ಎಲ್ಲಾ ಈ ಟಗರಿಂದೇ” ಎಂದು ತೀರ್ಪು ಕೊಟ್ಟರು. ಆಗ ಎಂಟು ತಿಂಗಳ ಬಸುರಿಯಾಗಿದ್ದ ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ನನ್ನ ದೂರು ಇಷ್ಟೇ. ಇಷ್ಟು ದೊಡ್ಡ ತಿಳಿವಳಿಕೆ ಹಟ್ಟಿಯ ಬೇಲಿ ದಾಟಿ ಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಎಲ್ಲಿ ಕಳೆದುಹೋಗುತ್ತದೆ? ಮೊದಲು ಛಾಯಾ ಹುಟ್ಟಿದಳು, ಈಗ ಅವಳ ತಂಗಿ ಬಂದಿದ್ದಾಳೆ. ಎರಡೂ ಸಲ ತಪ್ಪು ನನ್ನದೇ ಆಯಿತು. ಈ ಸಲ ಬಸುರಾಗುವ ಮುಂಚೆಯೇ, ಗಂಡಾಗಲೆಂದು ಅತ್ತೆ ಸುಗಲಾಬಾಯಿ ಸೊಲ್ಲಾಪುರದಿಂದ ತಂದ ಕಹಿ ಪುಡಿಯನ್ನು ಮೂರು ತಿಂಗಳು ನುಂಗಿದೆ, ಕ್ಯಾಲೆಂಡರಿನಲ್ಲಿ ಗಂಡುಕೂಸಿಗೆ ಶುಭವೆನ್ನುವ ಸಮಸಂಖ್ಯೆಯ ದಿನಗಳಿಗೆ ಗುರುತು ಹಾಕಿದೆ. ನನ್ನ ಗಂಡ ಸೋಮುವಿಗೆ ಯಾವ ಪಥ್ಯವೂ ಇರಲಿಲ್ಲ. ತಾವಂತೂ ಪುಡಿ ಮುಟ್ಟದೆ, ಕ್ಯಾಲೆಂಡರ್ ನೋಡದೆ (ಒಮ್ಮೆ ಅದನ್ನೇ ತಿಂದದ್ದು ಬಿಟ್ಟರೆ) ಒಂಬತ್ತು ಗಂಡು ಸಾಧಿಸಿದಿರಿ! ದವಾಖಾನೆಯ ನರ್ಸಬಾಯಿಯನ್ನು ಕೇಳಿದರೆ, “ಗಂಡೋ ಹೆಣ್ಣೋ ಗಂಡಸಿನ ಬೀಜದಾಗ ಇರ್ತೈತಿ, ಆದ್ರ ಅವನ ಕೈಯಾಗೂ ಇರಂಗಿಲ್ಲ” ಎಂದಳು. ಅಂದರೆ ತಾವೂ ನಿರಪರಾಧಿಗಳು. ಮನೆಯವರ ಪರವಾಗಿ ಕ್ಷಮೆ ಕೇಳುತ್ತೇನೆ.

ಈಗ ಅತ್ತೆಯ ಕೈಯಲ್ಲಿ ಇನ್ನೊಂದು ಉಪಾಯವಿದೆ. ಸೋಮವಾರ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ. ‘ಸಾಕವ್ವ’ ಎಂದು ಹೆಸರಿಟ್ಟರೆ ಹೆಣ್ಣು ಸಾಕೆಂದು ದೇವರಿಗೆ ತಿಳಿದು, ಮುಂದಿನದು ಗಂಡಾಗುತ್ತದಂತೆ. ಇದಕ್ಕೆ ಪುರಾವೆ ನನ್ನ ಗಂಡನೇ: ಅವನ ಅಕ್ಕನಿಗೆ ಸಾಕವ್ವ ಎಂದಿಟ್ಟ ಮೇಲೆಯೇ ಅವನು ಹುಟ್ಟಿದ್ದು. ಆ ಅಕ್ಕ ಲಗ್ನದಲ್ಲಿ ಹೆಸರು ಬದಲಾಗಿ ಶೈಲಶ್ರೀಯಾದಳು, ತವರಿನಲ್ಲಿ ಮಾತ್ರ ಇಂದಿಗೂ ಸಾಕವ್ವನೇ. ಸೋದರತ್ತೆಯಾದ್ದರಿಂದ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳೂ ಅವಳೇ. ನನ್ನ ಮಗಳು ಮೊದಲ ಸಲ ತನ್ನ ಹೆಸರು ಕೇಳುವಾಗಲೇ ತಾನು ಬೇಡವಾದವಳೆಂದು ಕೇಳಬೇಕೇ? ನಾನು ಆರಿಸಿಟ್ಟ ಹೆಸರು ಸ್ನೇಹಲ. ನನ್ನನ್ನು ಕೇಳಿದವರು ಯಾರೂ ಇಲ್ಲ.

ಆದಕಾರಣ ತಾವು ಸೋಮವಾರ ಬೆಳಗಿನ ಮೊದಲ ಎಸ್.ಟಿ. ಬಸ್ಸು ಹಿಡಿದು ಬಂದು, ತೊಟ್ಟಿಲ ಪಕ್ಕ ನಿಂತು ನಮ್ಮ ಮನೆಯವರನ್ನು ಒಂದು ಮಾತು ಕೇಳಬೇಕು: ಉಪಾಯ ಇಷ್ಟು ಪಕ್ಕಾ ಇದ್ದರೆ, ತಮ್ಮ ಎರಡನೆಯ ಮರಿಗೇ ‘ಸಾಕಪ್ಪ’ ಎಂದು ಹೆಸರಿಟ್ಟು ತಮ್ಮ ನೌಕರಿಯನ್ನು ಏಕೆ ಉಳಿಸಲಿಲ್ಲ? ಮಾತು ಬಾರದಿದ್ದರೆ, ಆ ಪುಡಿಯ ಡಬ್ಬಿಯನ್ನು ಒಮ್ಮೆ ಗುದ್ದಿ ಉರುಳಿಸಿ ಹೋದರೂ ಉಪಕಾರವಾದೀತು.

ಇಬ್ಬರು ಹೆಣ್ಣುಮಕ್ಕಳ ತಾಯಿಯೂ
ತಮ್ಮ ವಿಶ್ವಾಸಿಯೂ ಆದ,
ಮನೀಷಾ

ತಾ.ಕ.: ಪತ್ರ ಹಾಕುವ ಮೊದಲೇ ಸೋಮವಾರ ಕಳೆಯಿತು. ತಾವು ಬರಲಿಲ್ಲ, ಬೇಸರವಿಲ್ಲ, ನನ್ನ ಗಂಡ ಅಲ್ಲೇ ನಿಂತಿದ್ದರೂ ತಮ್ಮಷ್ಟೇ ಮಾತಾಡಿದ. ಶೈಲಶ್ರೀ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ವಾಡಿಕೆಯಂತೆ ‘ಕುರ್ರ್’ ಎಂದು, ಓಣಿಗೆಲ್ಲ ಕೇಳುವಂತೆ “ಸ್ನೇಹಲ” ಎಂದಳು. ಅತ್ತೆ “ಸಾಕವ್ವ ಅನ್ನು” ಎಂದು ಸಿಡುಕಿದಾಗ ತಲೆ ಎತ್ತದೆಯೇ ಹೇಳಿದಳು: “ಆ ಹೆಸರು ನಂದೈತಿ ಯವ್ವಾ. ಮೂವತ್ತ್ ವರ್ಷ ಹೊತ್ತೀನಿ. ಇನ್ನ ಯಾರಿಗೂ ಕೊಡಂಗಿಲ್ಲ.”