ಫ್ರಿಜ್ಜಿನ ಬಾಗಿಲ ಕಾವಲು

ನಮ್ಮ ಅಜ್ಜ ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ ಅದನ್ನು ಎರಡು ಸಲ ತಟ್ಟುತ್ತಾನೆ. ದುಡಿದು ಬಂದ ಎತ್ತನ್ನು ಕಟ್ಟಿ ಬೆನ್ನು ತಟ್ಟುತ್ತಾರಲ್ಲ, ಹಾಗೆ. ಎತ್ತು ಮಾರಿ ಎಷ್ಟೋ ವರ್ಷಗಳಾದವು, ಕೈ ಮಾತ್ರ ಮರೆತಿಲ್ಲ. ಆ ಸದ್ದು ಪಡಸಾಲೆವರೆಗೂ ಕೇಳುತ್ತದೆ. ಕೇಳಿದ ಕೂಡಲೇ ಅವ್ವ ಎಲ್ಲಿದ್ದರೂ ಅಲ್ಲಿಂದಲೇ ಕೂಗುತ್ತಾಳೆ.

"ಮಾವಾರ, ಏನ್ ತಗೊಂಡ್ರಿ?"

"ನೀರವಾ," ಎನ್ನುತ್ತಾನೆ ಅಜ್ಜ, ಅಗಿಯುತ್ತ.

ಅಜ್ಜನಿಗೆ ಸಕ್ಕರೆ ಕಾಯಿಲೆ. ದೀಪಾವಳಿ ಹೊತ್ತಿಗೆ ಕಾಲಿನ ಹೆಬ್ಬೆರಳಿಗೆ ಆದ ಗಾಯ ಸಂಕ್ರಾಂತಿ ಬಂದರೂ ಮಾಯ್ದಿರಲಿಲ್ಲ. "ಸಕ್ರಿ ಇಳೀಲಿಲ್ಲಂದ್ರ ಬೆರಳು ತಗೀಬೇಕಾಗ್ತೈತಿ ನೋಡ್ರಿ ಅಜ್ಜಾರ," ಎಂದು ನಿಪ್ಪಾಣಿಯ ಡಾಕ್ಟರು ನೇರವಾಗಿ ಹೇಳಿದ್ದರು. ಅಂದಿನಿಂದ ನಮ್ಮ ಮನೆಯ ಅರ್ಧ ರಾಜಕೀಯ ಫ್ರಿಜ್ಜಿನ ಮುಂದೆಯೇ ನಡೆಯುತ್ತಿದೆ.

ಅದರಲ್ಲಿ ನನ್ನ ಪಾಲೂ ಇದೆ. ನಾನು ಫ್ರಿಜ್ಜಿಗೆ ಹಚ್ಚುವ ಮ್ಯಾಗ್ನೆಟ್ ಫೋಟೋ ಫ್ರೇಮು ಮಾಡುತ್ತೇನೆ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ, ಹರಿದ ಇಳಕಲ್ ಸೀರೆಯ ದಡಿ, ಕನ್ನಡಿ ಚೂರು, ಹಿಂದೆ ಮ್ಯಾಗ್ನೆಟ್ಟು. ಇಂಗ್ಲಿಷ್ ಶಾಲೆಯಲ್ಲಿ ಕಲಿತದ್ದರಲ್ಲಿ ಕೈಯಲ್ಲಿ ಉಳಿದದ್ದು ಕ್ರಾಫ್ಟ್ ಒಂದೇ. ನನಗೆ ಮಾತು ಕಡಿಮೆ. ಫ್ರೇಮು ಮಾಡಿಸಲು ಬಂದವರೇ ಎಲ್ಲವನ್ನೂ ಮಾತಾಡಿಬಿಡುವುದರಿಂದ ಅದರ ಕೊರತೆ ಕಾಣುವುದಿಲ್ಲ. ಹೀಗಾಗಿ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ, ನಾನು ಅಂಟು ಆರುವುದನ್ನು ಕಾಯುತ್ತ ನೋಡುತ್ತಿರುತ್ತೇನೆ.

ಕತ್ರಿ

ಪಕ್ಕದ ಮನೆಯ ಕಾಕು ಬೀಡಿ ಕಟ್ಟುತ್ತಾಳೆ. ಎಲೆ ಕತ್ತರಿಸುವ ಕತ್ರಿ ದಿನಾ ಎಲೆಗಳ ಅಡಿಯಲ್ಲೇ ಕಳೆದುಹೋಗುತ್ತದೆ, ದಿನಾ ಓಣಿಗೆಲ್ಲ ಕೇಳುವಂತೆ ಹುಡುಕಾಟ ನಡೆಯುತ್ತದೆ. ಅವಳ ಮೊಮ್ಮಗನ ಫೋಟೋಕ್ಕೆ ಒಂದು ಫ್ರೇಮು ಮಾಡಿಕೊಟ್ಟೆ. ಕನ್ನಡಿ ಚೂರು ಜಾಸ್ತಿಯಾಗಿ ಭಾರವಾಗಿತ್ತು, ಅದಕ್ಕೇ ಹಳೆಯ ಸ್ಪೀಕರಿನ ದಪ್ಪ ಮ್ಯಾಗ್ನೆಟ್ಟು ಹಾಕಿದ್ದೆ.

ಕೆಲವು ದಿನ ಹುಡುಕಾಟದ ಸದ್ದೇ ಇಲ್ಲ. ಏನಾಯಿತೋ ಎಂದು ಹೋಗಿ ನೋಡಿದರೆ, ಫ್ರಿಜ್ಜಿನ ಮೇಲೆ ಮೊಮ್ಮಗ ನಗುತ್ತಿದ್ದಾನೆ, ಅವನ ಮೂಗಿನ ಮೇಲೆ ಕತ್ರಿ ಅಂಟಿಕೊಂಡು ನಿಂತಿದೆ.

"ಭಾರಿ ಕೆಲಸಾ ಮಾಡಿದಿ ಪೋರಿ," ಎಂದಳು ಕಾಕು. "ಇನ್ನೊಂದು ಮಾಡಿಕೊಡು."

"ಯಾರ ಫೋಟೋ ಕಾಕು?"

"ಯಾರದರ ಇರ್ಲಿ. ಇಕ್ಕಳ ಒಂದು ಉಳದೈತಿ."

ಟ್ರ್ಯಾಕ್ಟರ್

ಶಿರಗುಪ್ಪಿಯ ಮಾಮಾ ಅವ್ವನ ತಮ್ಮ. ಕಬ್ಬು ಬೆಳೆಯುತ್ತಾನೆ, ಮಾಮಿ ಮಾಡಿದ ಅಡುಗೆಯಲ್ಲಿ ದಿನಾ ತಪ್ಪು ಹುಡುಕುತ್ತಾನೆ. ಒಮ್ಮೆ ಜಗಳ ಜೋರಾದಾಗ ರಾಜಿಗೆಂದು ಮಾಮಿಯ ಫೋಟೋಕ್ಕೆ ಫ್ರೇಮು ಮಾಡಿಸಿದ. ಮನೆಗೆ ಒಯ್ದು ಹಚ್ಚಿದರೆ ಫ್ರೇಮು ಜಾರಿ ಕೆಳಗೆ ಬಿತ್ತು. ಅವರದು ಗಾಜಿನ ಬಾಗಿಲಿನ ಹೊಸ ಫ್ರಿಜ್ಜು, ಮ್ಯಾಗ್ನೆಟ್ಟು ಹಿಡಿಯುವುದಿಲ್ಲ. ಮಾಮಿ ನೋಡುವ ಮೊದಲೇ ಅದನ್ನು ಎತ್ತಿಕೊಂಡು ಹೋಗಿ ಟ್ರ್ಯಾಕ್ಟರಿನ ಮೂತಿಗೆ ಹಚ್ಚಿಬಿಟ್ಟ.

ಕಬ್ಬು ತುಂಬಿಕೊಂಡು ಟ್ರ್ಯಾಕ್ಟರ್ ಫ್ಯಾಕ್ಟರಿಯ ಸಾಲಿನಲ್ಲಿ ನಿಂತಿತು. ಡ್ರೈವರ್ ಹೊಸಬ. ದಡಿ, ಕನ್ನಡಿ, ನಡುವೆ ಗಂಭೀರ ಮುಖದ ಹೆಣ್ಣುಮಗಳು. ಮಾಲೀಕರ ಮನೆದೇವರೇ ಇರಬೇಕೆಂದು ಕುಂಕುಮ ಹಚ್ಚಿ, ಹಾರ ಹಾಕಿ, ಊದಿನಕಡ್ಡಿ ಬೆಳಗತೊಡಗಿದ. ಅಕ್ಕಪಕ್ಕದ ಗಾಡಿಯವರೂ ಕೈ ಮುಗಿದರು.

ವಿಷಯ ತಿಳಿದು ಅವ್ವ ಗಾಬರಿಯಿಂದ ಮಾಮಿಗೆ ಫೋನು ಮಾಡಿದಳು. "ತಗಸಿಬಿಡ ಅದನ್ನ, ಮಂದಿ ಏನಂದಾರು?"

"ಇರ್ಲಿ ಬಿಡ್ರಿ ಅಕ್ಕಾರ," ಎಂದಳು ಮಾಮಿ. "ಉಪ್ಪು ಕಮ್ಮಿ, ಖಾರ ಜಾಸ್ತಿ ಅನ್ನೋ ಮನುಷ್ಯಾ ಈಗ ಕೈ ಮುಗದ ಗಾಡಿ ಹತ್ತಾಕತ್ತಾನ."

ಮನೆ ತಣ್ಣಗಾದ ಖುಷಿಗೆ ಮಾಮಾ ನಮಗೆ ದೊಡ್ಡ ಡಬ್ಬಿ ಕುಂದಾ ತಂದುಕೊಟ್ಟ. ಅದು ಫ್ರಿಜ್ಜಿನೊಳಗೆ ಹೋಯಿತು. ಫ್ರಿಜ್ಜು ತಟ್ಟುವ ಸದ್ದು ಹೆಚ್ಚಾಯಿತು.

ಮುತ್ತಜ್ಜಿ

"ಮನ್ಯಾಗ ಸಿಹೀನ ಇಡಬ್ಯಾಡ," ಎಂದ ಅಪ್ಪ.

"ಬಂದ ಮಂದಿ ಕೈಯಾಗ ಏನ್ ಕೊಡ್ಲಿ, ನಿಮ್ಮ ತಲಿ?" ಎಂದಳು ಅವ್ವ. ಆಮೇಲೆ ಅವಳಿಗೇ ಒಂದು ಉಪಾಯ ಹೊಳೆಯಿತು. ಅಜ್ಜ ಬದುಕಿನಲ್ಲಿ ಅಂಜಿದ್ದು ಒಬ್ಬರಿಗೇ, ತನ್ನ ತಾಯಿಗೆ. ಮುತ್ತಜ್ಜಿಯ ಒಂದೇ ಒಂದು ಫೋಟೋ ಇದೆ. ದೊಡ್ಡ ನತ್ತು, ಅದಕ್ಕಿಂತ ದೊಡ್ಡ ಸಿಟ್ಟು. ಅದಕ್ಕೆ ಫ್ರೇಮು ಮಾಡಿ ಬಾಗಿಲ ಹಿಡಿಕೆಯ ಪಕ್ಕದಲ್ಲೇ ಹಚ್ಚಿದೆ.

ಅಜ್ಜ ಬಂದ, ನೋಡಿದ, ಕೈ ಮುಗಿದು ಹಿಂದಕ್ಕೆ ಹೋದ. ಕೆಲವು ದಿನ ಫ್ರಿಜ್ಜನ್ನು ಯಾರೂ ತಟ್ಟಲಿಲ್ಲ. ಅವ್ವ ಗೆದ್ದವಳಂತೆ ಓಡಾಡಿದಳು.

ಒಂದು ಮುಂಜಾನೆ ಮತ್ತೆ ಸದ್ದು. ಓಡಿಹೋಗಿ ನೋಡಿದರೆ ಅಜ್ಜ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಫ್ರಿಜ್ಜಿನ ಮುಂದೆ ನಿಂತಿದ್ದಾನೆ. ಕೈಯಲ್ಲಿ ತಾಟು, ತಾಟಿನಲ್ಲಿ ಕುಂದಾ. ಕಣ್ಣು ಮುಚ್ಚಿ ಫೋಟೋಕ್ಕೆ ತೋರಿಸಿದ, ಸುತ್ತ ನೀರು ಬಿಟ್ಟ, ಬಾಯಿಗೆ ಹಾಕಿಕೊಂಡ.

"ಮಾವಾರ! ಡಾಕ್ಟರ್ ಏನಂದಾರ?"

"ಪ್ರಸಾದಕ್ಕ ಒಲ್ಲೆ ಅನಬಾರದವಾ. ನಮ್ಮವ್ವಗ ಸಿಟ್ಟ ಬರ್ತೈತಿ. ಹಿಡಿ, ನೀನೂ ತಗೋ."

ಅವ್ವ ಸೆರಗು ಹೊದ್ದು, ಎರಡೂ ಕೈ ಒಡ್ಡಿ, ಕಣ್ಣಿಗೊತ್ತಿಕೊಂಡು ತಿಂದಳು. ಸಿಟ್ಟಾದದ್ದು ತಿಂದ ಮೇಲೆ.

ನಾನು

ಮುತ್ತಜ್ಜಿ ಫ್ರಿಜ್ಜಿನ ಬಾಗಿಲಿನಿಂದ ದೇವರ ಮನೆಗೆ ಹೋದಳು. ಗಾಯದ ಅಂಚು ಕಪ್ಪಾಗತೊಡಗಿತ್ತು, ಅಪ್ಪನಿಗೂ ಚಿಂತೆ ಹತ್ತಿತ್ತು. ಅವ್ವ ನನ್ನನ್ನು ನೋಡಿದಳು.

"ನಿನ್ನ ಫೋಟೋ ಹಚ್ಚು. ಮೊಮ್ಮಗಳ ಮುಂದ ಸುಳ್ಳಾಗಾಕ ನಾಚತಾರ ಅವರು."

ಕ್ಯಾಮೆರಾ ಕಂಡರೆ ನನಗೆ ಗಾಬರಿ. ಹಚ್ಚಲು ಸಿಕ್ಕ ಕಾಲೇಜಿನ ಫೋಟೋದಲ್ಲಿ ಕಣ್ಣು ಎಷ್ಟು ಅಗಲವಾಗಿವೆ ಎಂದರೆ, ಅಡುಗೆಮನೆಯ ಯಾವ ಮೂಲೆಯಲ್ಲಿ ನಿಂತರೂ ನಾನು ನೋಡುತ್ತಿರುತ್ತೇನೆ. ದಡಿ, ಕನ್ನಡಿ ಏನೂ ಹಚ್ಚದೆ ಬರಿಯ ಬಿಳಿ ಫ್ರೇಮು ಮಾಡಿದೆ.

ಕೆಲಸ ಆಯಿತು. ಅಜ್ಜ ಈಗ ಫ್ರಿಜ್ಜಿನಿಂದ ನೀರು ತೆಗೆದುಕೊಂಡರೆ ನಿಜವಾಗಿಯೂ ನೀರೇ. ಈ ಸಲ ಡಾಕ್ಟರು ಗಾಯ ಒತ್ತಿ ನೋಡಿ, "ಆರಾಕತ್ತೈತಿ. ಮುಂದಿನ ತಿಂಗಳ ತನಕ ಹಿಂಗ ಇದ್ರ ಬೆರಳು ಉಳೀತೈತಿ," ಎಂದರು. ಅವ್ವ ದವಾಖಾನೆಯಲ್ಲೇ ಕಣ್ಣೊರೆಸಿಕೊಂಡಳು. ಅಜ್ಜ ತನ್ನ ಬೆರಳನ್ನು ಎರಡು ಸಲ ತಟ್ಟಿದ.

ಅಷ್ಟರಲ್ಲಿ ಹೋಳಿ ಹುಣ್ಣಿಮೆ ಬಂತು. ಉಳಿದ ಹೋಳಿಗೆ ಫ್ರಿಜ್ಜು ಸೇರಿದವು.

ಮರುದಿನ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕಾಕುವಿನ ಇಕ್ಕಳದ ಫ್ರೇಮಿಗೆ ಕನ್ನಡಿ ಅಂಟಿಸುತ್ತಿದ್ದೆ. ಅಜ್ಜ ಬಂದು ಪಕ್ಕದಲ್ಲಿ ಕೂತ. ಅವ್ವ ಹಿತ್ತಲಲ್ಲಿದ್ದಾಳೆಂಬುದನ್ನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ.

"ನಿನ್ನ ಫೋಟೋ ಭಾಳ ಚಂದ ಬಂದೈತಿ."

"ಹೂಂ."

"ಬರೇ ಕಣ್ಣು ಒಂದಿಷ್ಟ ದೊಡ್ಡದಾಗ್ಯಾವ."

ನಾನು ಕನ್ನಡಿ ಚೂರನ್ನು ಒತ್ತಿ ಹಿಡಿದೆ. ಅಜ್ಜ ಇನ್ನೂ ಹತ್ತಿರ ಸರಿದು ದನಿ ತಗ್ಗಿಸಿದ.

"ನಿಮ್ಮ ಕಾಕಾನ ಲಗ್ನದಾಗ ನಿಂದೊಂದು ಫೋಟೋ ತಗದಿದ್ರಲ್ಲ ಯವ್ವಾ, ನೀ ಕಣ್ಣು ಮುಚ್ಚಿದ್ದು? ಅದನ್ನ ಹಚ್ಚತಿ ಏನು? ಹೋಳಿಗಿ ತೀರೂತನಕ ಅಷ್ಟ."