ಗೀಸರ್ ಸ್ವಿಚ್ಚಿನ ಮೇಲಿನ ಬಿಳಿ ಪಟ್ಟಿ

ನಮ್ಮ ಮನೆಯವರಿಗೆ ಹೆಂಡತಿಗಿಂತ ಕರೆಂಟ್ ಮೀಟರಿನ ಮೇಲೆ ಪ್ರೀತಿ ಹೆಚ್ಚಾಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಮೀಟರು ನೋಡಲು ಹೋಗುವಾಗ ಅವರು ತಲೆ ಬಾಚಿಕೊಳ್ಳುತ್ತಿದ್ದರು!

ಗಲ್ಫ್ ದೇಶದ ಖೈತಾನ್ ಬಡಾವಣೆಯ ನಮ್ಮ ಬಿಲ್ಡಿಂಗಿನಲ್ಲಿ ಮೀಟರುಗಳೆಲ್ಲ ಮೆಟ್ಟಿಲ ಬುಡದಲ್ಲಿದ್ದವು. ಪ್ರತಿ ಶುಕ್ರವಾರ ಚಹಾ ಕುಡಿದು, ಇಳಿದು ಹೋಗಿ, ಯೂನಿಟ್ ಓದಿಕೊಂಡು ಬಂದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ಏರಿದ್ದರೆ, ಇಳಿದಿದ್ದರೆ ಪಕ್ಕದಲ್ಲಿ ಕಾರಣ: ‘ಧೂಳು, ಎಸಿಗೆ ಉಸಿರುಗಟ್ಟಿದೆ.’ ‘ವಫ್ರಾದಿಂದ ನಾಲ್ವರು ಊಟಕ್ಕೆ.’ ಒಮ್ಮೆ ‘ನಿನ್ನ ತಂಗಿ’ ಎಂದಷ್ಟೇ ಇತ್ತು.

“ಅಕಿ ಏನ್ ಮಾಡ್ಯಾಳ್ರೀ?” ಎಂದೆ.

“ಹದಿನೈದ್ ದಿವಸ ಇದ್ಲು. ಹದಿನೈದೂ ದಿವಸ ಇಸ್ತ್ರಿ ಮಾಡಿದ್ಲು.”

ಅವರ ದೊಡ್ಡ ಹಬ್ಬ ಬರುತ್ತಿದ್ದದ್ದು ಮೇ ತಿಂಗಳಲ್ಲಿ. ಬೇಸಿಗೆಗೆ ಇಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುತ್ತದೆ. ಆಗ ಗೀಸರ್ ಆರಿಸಿಬಿಟ್ಟರೆ, ಮನೆಯೊಳಗಿರುವ ಅದರ ಹೊಟ್ಟೆಯಲ್ಲಿ ನಿಂತ ನೀರು ತಣ್ಣಗಾಗುತ್ತದೆ. ಅಲ್ಲಿಂದ ಬೇಸಿಗೆ ಮುಗಿಯುವತನಕ ಬಿಸಿನೀರಿಗೆ ನೀಲಿ ನಲ್ಲಿ, ತಣ್ಣೀರಿಗೆ ಕೆಂಪು. ಇದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಸ್ವಿಚ್ಚಿನ ಮೇಲೆ ಬಿಳಿ ಪಟ್ಟಿ ಅಂಟಿಸಿ, ‘ನಾನು ಹೇಳುವತನಕ ಮುಟ್ಟಬಾರದು’ ಎಂದು ಬರೆದು, ಕೆಳಗೆ ಸಹಿ ಹಾಕುವವರು ಇನ್ನೆಲ್ಲಿದ್ದಾರೆ?

ಒಂದು ರಜೆಯಲ್ಲಿ ಗದಗಿನ ತಂಗಿಯ ಮನೆಗೆ ಹೋಗಿದ್ದೆವು. ಇವರು ಅಭ್ಯಾಸಬಲದಿಂದ ತಣ್ಣೀರೆಂದು ಕೆಂಪು ನಲ್ಲಿ ತಿರುಗಿಸಿ, ಟವೆಲ್ಲಿನಲ್ಲೇ ಬಚ್ಚಲಿನಿಂದ ಹೊರಗೆ ಜಿಗಿದರು.

“ಭಾವಾರ, ಕೆಂಪಂದ್ರ ಬಿಸಿ ಅಂತ ಸಣ್ಣ ಹುಡುಗ್ರಿಗೂ ಗೊತ್ತೈತಿ,” ಎಂದಳು ತಂಗಿ. ಇಸ್ತ್ರಿಯ ಸೇಡು ತೀರಿತ್ತು.

“ನಿಮ್ಮೂರಾಗ ನಲ್ಲಿ ಉಲ್ಟಾ ಕೂಡ್ಸ್ಯಾರವಾ,” ಎಂದರು ಇವರು, ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಳ್ಳುತ್ತ.

ಪ್ರತಿ ವರ್ಷ ನವೆಂಬರಿನಲ್ಲಿ ಒಂದು ಬೆಳಿಗ್ಗೆ ನಲ್ಲಿಗೆ ಕೈಯೊಡ್ಡಿ ನೋಡಿ, “ಖಲಾಸ್, ಬ್ಯಾಸಗಿ ಮುಗೀತು,” ಎಂದು ಅವರೇ ಪಟ್ಟಿ ಕಿತ್ತು ಸ್ವಿಚ್ ಒತ್ತುತ್ತಿದ್ದರು. ಆ ಶುಕ್ರವಾರ ಕ್ಯಾಲೆಂಡರಿನಲ್ಲಿ ಕಾರಣ: ‘ಗೀಸರ್ ಚಾಲೂ.’

ಈ ವರ್ಷವೂ ಮೇ ತಿಂಗಳಲ್ಲಿ ಪಟ್ಟಿ ಅಂಟಿಸಿದರು. ಆಗಸ್ಟಿನಲ್ಲಿ ಅವರೇ ಹೋಗಿಬಿಟ್ಟರು.

ಈಗ ಡಿಸೆಂಬರು. “ಮಮ್ಮಿ, ಇಟ್ಸ್ ಫ್ರೀಜಿಂಗ್,” ಎನ್ನುತ್ತಾಳೆ ಮಗಳು. ಅವಳಿಗೆ ಒಲೆಯ ಮೇಲೆ ನೀರು ಕಾಯಿಸಿ ಕೊಡುತ್ತೇನೆ. ನಾನು ತಣ್ಣೀರಿನಲ್ಲೇ ಮುಗಿಸುತ್ತೇನೆ. ಸ್ವಿಚ್ಚಿನವರೆಗೆ ಕೈ ಹೋಗುತ್ತದೆ, ಆ ಸಹಿಯನ್ನು ಸವರಿ ಹಿಂದಕ್ಕೆ ಬರುತ್ತದೆ.

ಶುಕ್ರವಾರ ನಾನೇ ಕೆಳಗಿಳಿದು ಮೀಟರು ಓದುತ್ತೇನೆ. ಹೋಗುವ ಮುಂಚೆ ತಲೆ ಬಾಚಿಕೊಳ್ಳುತ್ತೇನೆ. ಯಾವ ಚಳಿಗಾಲದಲ್ಲೂ ಯೂನಿಟ್ ಇಷ್ಟು ಇಳಿದದ್ದಿಲ್ಲ. ನಿನ್ನೆ ಅದನ್ನು ಕ್ಯಾಲೆಂಡರಿನಲ್ಲಿ ಬರೆದು, ಪಕ್ಕದಲ್ಲಿ ಕಾರಣವನ್ನೂ ಬರೆದೆ:

‘ಅವರು ಇನ್ನೂ ಹೇಳಿಲ್ಲ.’