ಮೋತ್ಯಾನ ತಲೆಗೊಂದು ಕೆಲಸ

ನಮ್ಮ ದೊಡ್ಡವ್ವನಿಗೆ ಹುಚ್ಚು ಹಿಡಿದಿದೆ ಎಂದು ಲಕ್ಷ್ಮೇಶ್ವರದ ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ತಾನಾಗಿ ಹಿಡಿದದ್ದಲ್ಲ, ಹಿಡಿಸಿದವನು ನಾನು! ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಿಮಗೆ ಬೈಯುವ ಶ್ರಮ ತಪ್ಪಲಿ.

ದೊಡ್ಡವ್ವ ಸಾಕಿದ ನಾಯಿ ಮೋತ್ಯಾ ಒಂದೇ ತಿಂಗಳಲ್ಲಿ ದೊಡ್ಡಪ್ಪನ ನಾಲ್ಕು ಚಪ್ಪಲಿ ತಿಂದಿತ್ತು. ನಾಲ್ಕೂ ಎಡಗಾಲಿನವು! ಬಲಗಾಲಿನದನ್ನು ಮೂಸಿಯೂ ನೋಡಿರಲಿಲ್ಲ, ಅಷ್ಟು ಶಿಸ್ತಿನ ನಾಯಿ. ಬಜಾರದಲ್ಲಿ ಹಗ್ಗದ ಅಂಗಡಿ ನಡೆಸುವ ದೊಡ್ಡಪ್ಪ ತೀರ್ಪು ಕೊಟ್ಟ: "ಬರೋ ಐತವಾರ ಇದನ್ನ ಬಾಳೆಹೊಸೂರ ಹೊಲಕ್ಕ ಕಳಸ್ತೀನಿ. ಅಲ್ಲಿ ಏನರ ತಿಂದಕೊಂಡಿರಲಿ."

ದೊಡ್ಡವ್ವನ ಕಣ್ಣಲ್ಲಿ ನೀರು. ಆಗಲಾದರೂ ನಾನು ಸುಮ್ಮನಿರಬಾರದಿತ್ತೇ? ಮೊಬೈಲಿನಲ್ಲಿ ನೋಡಿದ ಅರ್ಧ ನಿಮಿಷದ ವಿಡಿಯೊ ನಂಬಿ ಪಂಡಿತನಾದೆ. "ದೊಡ್ಡವ್ವಾ, ಮೋತ್ಯಾಗ ಸೊಕ್ಕಲ್ಲ, ಬ್ಯಾಸರ. ಅದರ ತಲಿಗೆ ಕೆಲಸ ಕೊಡಬೇಕು. ತಿನ್ನೋದನ್ನ ಮುಂದ ಇಡಬಾರ್ದು, ಮುಚ್ಚಿಟ್ಟು ಹುಡುಕಸಬೇಕು."

ಮರುದಿನವೇ ಮನೆ ಪರೀಕ್ಷಾ ಕೇಂದ್ರವಾಯಿತು. ಜೋಳದ ಖಡಕ್ ರೊಟ್ಟಿಯ ಚೂರುಗಳು ಬೀಸುವ ಕಲ್ಲಿನ ಸಂದಿಯಲ್ಲಿ, ಕೊಡೆಯ ಮಡಿಕೆಯಲ್ಲಿ, ಹಳೆಯ ಟ್ರಂಕಿನ ಹಿಂದೆ! ನಾನು ಬೂಟಿಗೆ ಕಾಲು ಹಾಕಿದರೆ ಕರ್! ದಿಂಬಿಗೆ ತಲೆ ಕೊಟ್ಟರೆ ಕುರ್! ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಅಜ್ಜಿ ಗಾದಿಯ ಮೇಲೆ ಕೂತದ್ದೇ ತಡ, 'ಕಟ್' ಎಂದಿತು.

"ಯವ್ವಾ! ನನ್ನ ಸೊಂಟ ಮುರೀತ!"

"ನಿನ್ನ ಸೊಂಟಲ್ಲ ಬಿಡಬೇ ಅಮ್ಮಾ, ಅದು ಮೋತ್ಯಾಂದು ಮೂರನೇ ಪ್ರಶ್ನಿ" ಎಂದಳು ದೊಡ್ಡವ್ವ. "ಚೂರು ಸರದು ಕುಂಡ್ರು, ಅದಿನ್ನೂ ಬಿಡಿಸಿಲ್ಲ."

ಮೂರೇ ದಿನದಲ್ಲಿ ಎಲ್ಲ ಜಾಗಗಳನ್ನೂ ಕಂಠಪಾಠ ಮಾಡಿಕೊಂಡ ಮೋತ್ಯಾ ಮತ್ತೆ ಚಪ್ಪಲಿಯ ಕಡೆ ನೋಡತೊಡಗಿತು. ದೊಡ್ಡವ್ವ ನನ್ನ ಕಡೆ ನೋಡಿದಳು. ನನಗೆ ಗೊತ್ತಿರುವುದು ಒಂದೇ ವಿದ್ಯೆ, ಕಂಡವರ ಧ್ವನಿ ತೆಗೆಯುವುದು. (ನನ್ನ ಸ್ವಂತ ಧ್ವನಿಯೋ, ಒಡಕು ಡಬ್ಬಿ!)

"ನಿಮ್ಮ ದೊಡ್ಡಪ್ಪ ಕೆಮ್ಮಿದಂಗ ಕೆಮ್ಮು ನೋಡೂಣು" ಎಂದಳು.

ಹೊಸ ಪರೀಕ್ಷೆ ಹೀಗೆ. ದೊಡ್ಡಪ್ಪನಿಗೆ ಗೊತ್ತಾಗದಂತೆ ಅವನ ಅಂಗಿಯ ಕಿಸೆಯಲ್ಲಿ ರೊಟ್ಟಿ ಚೂರು ಇಡುವುದು. ನಾನು ಅವನಂತೆ "ಹ್ಞಕ್... ಹ್ಞಕ್ಕೂಂ!" ಎಂದ ಕೂಡಲೇ ಮೋತ್ಯಾ ಮನೆಯೆಲ್ಲ ತಿರುಗಿ ಅಸಲಿ ದೊಡ್ಡಪ್ಪನನ್ನು ಹುಡುಕಬೇಕು. ಮೊದಲ ಸಲ ಅದು ನನ್ನ ಹತ್ತಿರವೇ ಬಂತು. ಮೇಲಿಂದ ಕೆಳಗೆ ನೋಡಿತು, ಮೂಸಿತು, ಸೀನಿತು, ಹೊರಟುಹೋಯಿತು. ನನ್ನ ಕಲೆಗೆ ಇಷ್ಟು ಪ್ರಾಮಾಣಿಕ ವಿಮರ್ಶೆ ಇನ್ನಾರೂ ಬರೆದಿಲ್ಲ! ಮರುದಿನ ಮಾತ್ರ ಪಾಸು.

ಶನಿವಾರ ಮನೆಯ ಕಟ್ಟೆಯ ಮೇಲೆ ಗೆಳೆಯರು ಕೂತಿದ್ದರು. ನಾಲ್ಕು ಜನ ಕಂಡರೆ ನನ್ನ ಗಂಟಲು ಸುಮ್ಮನಿರುತ್ತದೆಯೇ? ಕೆಮ್ಮಿದೆ. ದೊಡ್ಡಪ್ಪ ಅಂಗಡಿಯಲ್ಲಿದ್ದಾನೆ ಎಂಬುದು ನೆನಪಾಗುವಷ್ಟರಲ್ಲಿ ಮೋತ್ಯಾ ಓಣಿ ದಾಟಿತ್ತು. ಹಿಂದೆ ಹಿಂದೆ ನಾನು! ನಾನು ಏದುಸಿರು ಬಿಡುತ್ತ ಅಂಗಡಿ ಮುಟ್ಟಿದಾಗ ಅದು ಗಿರಾಕಿಗಳ ಕಾಲ ಸಂದಿಯಿಂದ ನುಗ್ಗಿ, ದೊಡ್ಡಪ್ಪನ ಕಿಸೆಗೆ ಮೂತಿ ಹಾಕಿ, ಬೆಳಿಗ್ಗೆ ನಾವು ಇಟ್ಟಿದ್ದ ರೊಟ್ಟಿ ಹೊರಗೆಳೆದಿತ್ತು. ಮುಂಡರಗಿಯಿಂದ ಬಂದಿದ್ದ ಗಿರಾಕಿಯೊಬ್ಬ ಬಹಳ ಮರ್ಯಾದೆಯಿಂದ ಕೇಳಿದ:

"ಸಾವಕಾರ್ರ, ರೊಟ್ಟಿ ಈ ಕಿಸೇದಾಗ ಐತಿ, ಪಲ್ಯ ಯಾ ಕಿಸೇದಾಗ ಇಟ್ಟೀರಿ?"

ಮನೆಗೆ ಬಂದ ದೊಡ್ಡಪ್ಪ ಹೊಲ ನೋಡಿಕೊಳ್ಳುವವನಿಗೆ ಫೋನು ಹಚ್ಚಿ, ನಾಳೆ ಟಂಟಂ ಗಾಡಿ ತರಲು ಹೇಳಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಐತವಾರ ಮುಂಜಾನೆ ಹೊಲ ನೋಡಿಕೊಳ್ಳುವವನು ಟಂಟಂ ತಂದು ಬಾಗಿಲ ಮುಂದೆ ನಿಲ್ಲಿಸಿದ. ದೊಡ್ಡವ್ವ ಅವನ ಕೈಗೆ ರೊಟ್ಟಿಯ ಗಂಟು ಕೊಟ್ಟಳು. "ದಿನಕ್ಕ ಐದು ಚೂರು ಮುಚ್ಚಿಡು. ಒಂದ ಜಾಗಾದಾಗ ಇಡಬ್ಯಾಡಪಾ, ಅದಕ್ಕ ಬ್ಯಾಸರ ಆಕ್ಕೈತಿ" ಎನ್ನುವಾಗ ಅವಳ ಧ್ವನಿ ಒಡೆಯಿತು. ಆ ಧ್ವನಿಯನ್ನು ನಾನು ಇವತ್ತಿಗೂ ಅನುಕರಿಸಿಲ್ಲ.

ಕೊರಳಿಗೆ ಹಗ್ಗ ಹಾಕುವಷ್ಟರಲ್ಲಿ ಮೋತ್ಯಾ ಕೈತಪ್ಪಿಸಿಕೊಂಡು ಒಳಗೋಡಿತು. ಯಾರೂ ಕೆಮ್ಮಿರಲಿಲ್ಲ, ಆಣೆ ಮಾಡುತ್ತೇನೆ! ಅಡುಗೆಮನೆ ನೋಡಿತು, ಹಿತ್ತಲು ನೋಡಿತು, ಆಮೇಲೆ ಮಾಳಿಗೆಯ ಮೆಟ್ಟಿಲು ಹತ್ತಿತು. ಬೆನ್ನಟ್ಟಿ ಹೋದೆ. ಸ್ನಾನ ಮುಗಿಸಿದ ದೊಡ್ಡಪ್ಪ ಬರೀ ಟವೆಲ್ ಸುತ್ತಿಕೊಂಡು ಒಬ್ಬನೇ ಎಳೆಬಿಸಿಲಿಗೆ ಕೂತಿದ್ದ. ಅಂಗಿ ಇಲ್ಲ, ಕಿಸೆ ಇಲ್ಲ, ರೊಟ್ಟಿಯೂ ಇಲ್ಲ. ಮೋತ್ಯಾ ಅವನ ತೊಡೆಯ ಮೇಲೆ ಮೂತಿ ಇಟ್ಟು, ಬಾಲ ಆಡಿಸುತ್ತ ಮಲಗಿಬಿಟ್ಟಿತು.

ದೊಡ್ಡಪ್ಪ ಬಹಳ ಹೊತ್ತು ಅದರ ಕಿವಿ ನೇವರಿಸಿದ. ಆಮೇಲೆ ಅದೇ ಟವೆಲಿನಲ್ಲೇ ಕೆಳಗಿಳಿದು ಬಂದು, ಖಾಲಿ ಟಂಟಂ ಅನ್ನು ವಾಪಸು ಕಳಿಸಿದ. ಮೋತ್ಯಾ ಅವನ ಕಾಲಿಗೆ ಅಂಟಿಕೊಂಡೇ ನಿಂತಿತ್ತು. ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾಕ್ರೀ, ಕಳಸೂದಿಲ್ಲೇನು?" ಎಂದಳು.

"ಮೂವತ್ತ ವರ್ಷ ಆತು, ಈ ಮನ್ಯಾಗ ನಾ ಎಲ್ಲಿ ಅದೀನಿ ಅಂತ ಹುಡುಕ್ಕೊಂಡ ಬಂದದ್ದು ಇದೊಂದ. ಇದನ್ನ ಕಳಿಸಿ, ನಿಮ್ಮನ್ನೆಲ್ಲಾ ಇಟ್ಕೊಂಡು ಏನ್ ಮಾಡ್ಲಿ?"